ಮೊದಲು ಮರಳಿನ ಸಂಜೆ ಗೊತ್ತುಮಾಡಿ: ಜೋಧಪುರ, ಜೈಸಲ್ಮೇರ್ ಐದು ದಿನದಲ್ಲಿ

ರಾಜಸ್ಥಾನಕ್ಕೆ ಹೋಗೋಣ ಅಂತ ಮನೆಯಲ್ಲಿ ಮಾತು ಬಂದರೆ ಸಾಕು, ಪಟ್ಟಿ ಬೆಳೆಯಲು ಶುರು. ಜೈಪುರ, ಉದಯಪುರ, ಪುಷ್ಕರ, ಮೌಂಟ್ ಅಬು, ಕೊನೆಗೆ ಜೈಸಲ್ಮೇರ್. ನಮ್ಮ ಮನೆಯಲ್ಲೂ ಹಾಗೇ ಆಯಿತು. ಮಗಳಿಗೆ ಹನ್ನೊಂದು, ಮಗನಿಗೆ ಆರು. ಅತ್ತೆಗೆ ಅರವತ್ತೇಳು, ಜೊತೆಗೆ ಮಂಡಿನೋವು. ರಜೆ ಇದ್ದದ್ದು ಐದೇ ದಿನ. ಕೊನೆಗೆ ಪಟ್ಟಿಯಲ್ಲಿ ಎರಡೇ ಊರು ಉಳಿಸಿ ಉಳಿದದ್ದನ್ನೆಲ್ಲ ಹೊಡೆದುಹಾಕಿದೆ: ಜೋಧಪುರ, ಜೈಸಲ್ಮೇರ್. ಒಂದು ದೊಡ್ಡ ಊರು, ಒಂದು ಮರುಭೂಮಿ.

ಪ್ಲಾನ್ ಮಾಡುವಾಗ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಕೋಟೆ, ಅರಮನೆ, ಬಜಾರು ಎಲ್ಲ ಬರೆದುಕೊಂಡು, ಮರಳನ್ನು ಉಳಿದ ಜಾಗಕ್ಕೆ ತುರುಕುತ್ತಾರೆ. ಕೋಟೆಯನ್ನು ಬೆಳಿಗ್ಗೆ ಹತ್ತಕ್ಕೆ ನೋಡಬಹುದು, ಮಧ್ಯಾಹ್ನ ಮೂರಕ್ಕೂ ನೋಡಬಹುದು. ಮರಳದಿಬ್ಬ ಹಾಗಲ್ಲ. ಸೂರ್ಯ ಮುಳುಗುವ ಮುಂಚಿನ ಎರಡು ಗಂಟೆ, ಹುಟ್ಟುವಾಗಿನ ಒಂದು ಗಂಟೆ, ಅಷ್ಟೇ ಅದರ ಸೊಗಸು. ನಡು ಮಧ್ಯಾಹ್ನ ಅಲ್ಲಿ ನಿಂತರೆ ಕಣ್ಣು ಚುಚ್ಚುವ ಬಿಸಿಲು, ಕಾಲಡಿ ಕಾವಲಿ. ಅದಕ್ಕೇ ಆ ಒಂದು ಸಂಜೆಯನ್ನು ಮೊದಲು ಗೊತ್ತುಮಾಡಿಕೊಳ್ಳಿ. ಉಳಿದದ್ದೆಲ್ಲ ಅದರ ಸುತ್ತ ತಾನಾಗೇ ಕೂರುತ್ತದೆ.

ತಿಂಗಳು, ಆಮೇಲೆ ತಿಥಿ

ಅಕ್ಟೋಬರ್‌ನಿಂದ ಮಾರ್ಚ್ ಮೊದಲ ಭಾಗದವರೆಗೆ ಹೋಗಬಹುದು. ನಮ್ಮ ದಸರಾ ರಜೆಗೆ ಹೋದರೆ ಹಗಲು ಇನ್ನೂ ಬಿಸಿಯೇ, ಮಕ್ಕಳು ಕೋಟೆಯ ಅರ್ಧದಲ್ಲೇ ಕೂತುಬಿಡುತ್ತಾರೆ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹಿತ. ಬೇಸಿಗೆ ರಜೆಯಲ್ಲಂತೂ ಬೇಡವೇ ಬೇಡ. ಮೇ ತಿಂಗಳಲ್ಲಿ ಜೈಸಲ್ಮೇರ್ 42 ಡಿಗ್ರಿ ದಾಟುವುದು ಮಾಮೂಲು. ಡಿಸೆಂಬರ್ 24ರಿಂದ ಜನವರಿ 2ರವರೆಗೆ ಊರು ತುಂಬಿ ತುಳುಕುತ್ತದೆ. ಅದೇ ಟೆಂಟಿಗೆ ಆ ವಾರ ಕೇಳುವ ದುಡ್ಡು ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಶಾಲೆ ಒಪ್ಪುವುದಾದರೆ ಜನವರಿ ಸಂಕ್ರಾಂತಿಯ ಆಚೀಚೆ ನೋಡಿ.

ತಿಂಗಳು ಆದ ಮೇಲೆ ಗೋಡೆಯ ಕ್ಯಾಲೆಂಡರ್ ತೆಗೆದು ತಿಥಿ ನೋಡಿ. ಇದನ್ನು ಯಾರೂ ಹೇಳುವುದಿಲ್ಲ. ಹುಣ್ಣಿಮೆಯ ಹತ್ತಿರ ಹೋದರೆ ಮರಳೆಲ್ಲ ಬೆಳದಿಂಗಳು, ಟಾರ್ಚ್ ಇಲ್ಲದೆ ನಡೆಯಬಹುದು. ಆದರೆ ನಕ್ಷತ್ರ ಕಾಣುವುದಿಲ್ಲ. ಅಮಾವಾಸ್ಯೆಯ ಆಸುಪಾಸಿನಲ್ಲಿ ಆಕಾಶ ನೋಡಿದರೆ ಊರಿನ ಮಕ್ಕಳು ಬಾಯಿ ತೆರೆದು ನಿಲ್ಲುತ್ತಾರೆ. ಯಾವುದು ಬೇಕೋ ನೀವೇ ನಿರ್ಧಾರ ಮಾಡಿ, ಎರಡೂ ಒಂದೇ ರಾತ್ರಿ ಸಿಗಲ್ಲ. ಮಾಘ ಹುಣ್ಣಿಮೆಯ ಹೊತ್ತಿಗೆ ಜೈಸಲ್ಮೇರ್‌ನಲ್ಲಿ ಮರು ಮಹೋತ್ಸವ ನಡೆಯುತ್ತದೆ. ಒಂಟೆ ಓಟ, ಪೇಟ ಕಟ್ಟುವ ಪಂದ್ಯ, ಮೀಸೆ ಸ್ಪರ್ಧೆ ಎಲ್ಲ ಇರುತ್ತದೆ. ನೋಡಲು ಚೆನ್ನ, ಆದರೆ ರೂಮು ಸಿಗುವುದು ಕಷ್ಟ.

ಇನ್ನೊಂದು ಸಣ್ಣ ಲೆಕ್ಕ. ಜೈಸಲ್ಮೇರ್ ದೇಶದ ಪಶ್ಚಿಮ ಅಂಚಿನಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಬೆಳಕು ಹರಿದು ಸೂರ್ಯ ಕಾಣುವಾಗ ಏಳೂಕಾಲು ದಾಟಿರುತ್ತದೆ. ಸಂಜೆ ಆರರ ಹೊತ್ತಿಗೆ ಮುಳುಗುತ್ತಾನೆ. ಅಂದರೆ ಸೂರ್ಯೋದಯ ನೋಡಲು ಮಕ್ಕಳನ್ನು ನಾಲ್ಕೂವರೆಗೆ ಎಬ್ಬಿಸುವ ರಗಳೆ ಇಲ್ಲ. ಸಂಜೆ ಮಾತ್ರ ತಡ ಮಾಡುವ ಹಾಗಿಲ್ಲ.

ಹೋಗುವುದು ಹೇಗೆ

ವಿಮಾನವಾದರೆ ಜೋಧಪುರ. ಜೈಸಲ್ಮೇರ್‌ನಲ್ಲೂ ವಿಮಾನ ನಿಲ್ದಾಣ ಇದೆ, ಆದರೆ ಅಲ್ಲಿಗೆ ವಿಮಾನಗಳು ಹೆಚ್ಚಾಗಿ ಚಳಿಗಾಲದ ಸೀಸನ್‌ನಲ್ಲಿ ಮಾತ್ರ. ಎರಡೂ ಕಡೆ ವಾಯುಪಡೆಯ ನೆಲೆ ಇರುವುದರಿಂದ ಇಳಿದ ಕೂಡಲೇ ಕಿಟಕಿಯಿಂದ ವಿಡಿಯೊ ಮಾಡಲು ಹೋಗಬೇಡಿ.

ರೈಲಾದರೆ ಬೆಂಗಳೂರಿನಿಂದ ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ಮೇಲೆ ಜೋಧಪುರಕ್ಕೆ ಗಾಡಿ ಇದೆ. ದಿನಾ ಇಲ್ಲ, ವಾರದಲ್ಲಿ ಕೆಲವು ದಿನ. ಹತ್ತಿರ ಹತ್ತಿರ ಎರಡು ದಿನದ ಪ್ರಯಾಣ. ಐದು ದಿನದ ರಜೆಗೆ ಇದು ಹೊಂದುವುದಿಲ್ಲ, ಹತ್ತು ದಿನ ಇದ್ದರೆ ಮಜಾ. ಚಿಕ್ಕಪೇಟೆಯಿಂದ ಹಿಡಿದು ನಮ್ಮ ಜಿಲ್ಲಾ ಕೇಂದ್ರಗಳವರೆಗೆ ಬಟ್ಟೆ, ಪಾತ್ರೆ, ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಸೇಟುಗಳಲ್ಲಿ ಬಹಳ ಮಂದಿ ಜೋಧಪುರ, ಪಾಲಿ, ಜಾಲೋರ್ ಕಡೆಯವರು. ಅವರು ಊರಿಗೆ ಹೋಗುವುದು ಇದೇ ರೈಲಿನಲ್ಲಿ. ದೀಪಾವಳಿ, ಮದುವೆ ಸೀಸನ್ ಹತ್ತಿರ ಬಂದರೆ ಟಿಕೆಟ್ ಮರೆತುಬಿಡಿ. ಒಂದು ಉಪಕಾರವೂ ಇದೆ: ಯಾವ ಹೋಟೆಲ್ ಚೆನ್ನ, ಯಾವ ಊಟ ತಿನ್ನಬಾರದು ಅಂತ ನಿಮ್ಮ ಬೀದಿಯ ಸೇಟನ್ನೇ ಕೇಳಬಹುದು. ನಮ್ಮ ಪಾತ್ರೆ ಅಂಗಡಿಯವರು ಕನ್ನಡದಲ್ಲೇ ಅರ್ಧ ಗಂಟೆ ಪಾಠ ಹೇಳಿದರು, ಒಂದು ಸ್ಟೀಲ್ ಡಬ್ಬಿಯನ್ನೂ ಮಾರಿದರು.

ಐದು ದಿನ ಹಂಚುವುದು

ಮರಳಿನ ರಾತ್ರಿಯನ್ನು ಕೊನೆಗೆ ಇಡಬೇಡಿ. ಎಲ್ಲ ಏಜೆಂಟರೂ ಅದನ್ನು ಕೊನೆಗೇ ಇಡುತ್ತಾರೆ, ಸಿನಿಮಾ ಕ್ಲೈಮ್ಯಾಕ್ಸಿನ ಹಾಗೆ. ಮೊದಲ ಸಲ ನಾವೂ ಹಾಗೇ ಮಾಡಿದ್ದೆವು. ಬೆಳಿಗ್ಗೆ ಸೂರ್ಯೋದಯ ನೋಡಿ, ತಿಂಡಿ ತಿಂದು ಹೊರಡುವಾಗ ಒಂಬತ್ತು. ಅಲ್ಲಿಂದ ಜೋಧಪುರಕ್ಕೆ ಮುನ್ನೂರು ಕಿಲೋಮೀಟರಿಗೂ ಮೇಲೆ. ತಲೆಯಲ್ಲಿ ಮರಳು, ಕಿವಿಯಲ್ಲಿ ಮರಳು, ಸ್ನಾನವಿಲ್ಲ. ದಾರಿಯಲ್ಲಿ ಮಗ ಎರಡು ಸಲ ವಾಂತಿ ಮಾಡಿದ. ವಿಮಾನದ ಗೇಟ್ ಮುಚ್ಚಲು ಕೆಲವೇ ನಿಮಿಷ ಇರುವಾಗ ಓಡಿ ಹೋಗಿ ಹತ್ತಿದೆವು.

ಎರಡನೇ ಸಲ ಹೋದಾಗ ಹೀಗೆ ಹಂಚಿದೆ. ಮೊದಲ ದಿನ ಮಧ್ಯಾಹ್ನ ಜೋಧಪುರ ತಲುಪಿ ಸಂಜೆ ಬಜಾರು. ಎರಡನೇ ದಿನ ಬೆಳಿಗ್ಗೆ ಮೆಹರಾನ್‌ಗಢ ಕೋಟೆ, ಊಟ ಮುಗಿಸಿ ಜೈಸಲ್ಮೇರ್ ಕಡೆ. ಮೂರನೇ ದಿನ ಬೆಳಿಗ್ಗೆ ಜೈಸಲ್ಮೇರ್ ಕೋಟೆ, ಮಧ್ಯಾಹ್ನ ಒಂದು ನಿದ್ದೆ, ಎರಡೂವರೆಗೆ ಮರಳಿನ ಕಡೆ ಹೊರಟು ರಾತ್ರಿ ಅಲ್ಲೇ. ನಾಲ್ಕನೇ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಜೈಸಲ್ಮೇರ್‌ಗೆ ವಾಪಸು, ಮೈ ತುಂಬ ಬಿಸಿನೀರಿನ ಸ್ನಾನ, ಸಂಜೆ ಹವೇಲಿ (ಹಳೇ ಸಿರಿವಂತರ ದೊಡ್ಡ ಮನೆ) ಮತ್ತು ಕೆರೆ. ಐದನೇ ದಿನ ಜೋಧಪುರ, ಅಲ್ಲಿಂದ ಊರು. ಜೈಸಲ್ಮೇರ್‌ನ ಹೋಟೆಲಿನವರಿಗೆ ಮೊದಲೇ ಹೇಳಿದರೆ ನಡುವಿನ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಅಲ್ಲೇ ಇಟ್ಟುಕೊಳ್ಳುತ್ತಾರೆ. ಮರಳಿಗೆ ಒಂದು ಸಣ್ಣ ಬ್ಯಾಗ್ ಸಾಕು.

ಜೋಧಪುರದಲ್ಲಿ ಒಂದು ಸಂಜೆ, ಒಂದು ಬೆಳಿಗ್ಗೆ

ತಲುಪಿದ ಸಂಜೆ ದೊಡ್ಡ ಜಾಗಗಳಿಗೆ ಹೋಗಬೇಡಿ. ಘಂಟಾಘರ್, ಅಂದರೆ ಗಡಿಯಾರ ಗೋಪುರದ ಸುತ್ತಲಿನ ಸರ್ದಾರ್ ಮಾರ್ಕೆಟ್ಟಿಗೆ ಹೋಗಿ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ತೂರ್ಜಿ ಕಾ ಝಾಲ್ರಾ ಇದೆ. 1740ರ ದಶಕದ ಮೆಟ್ಟಿಲುಬಾವಿ. ಬಹಳ ಕಾಲ ಕಸ, ಕೊಳಚೆ ನೀರು ತುಂಬಿಕೊಂಡಿತ್ತು, ಈಚೆಗೆ ಹೂಳು ತೆಗೆದು ಶುಚಿ ಮಾಡಿದ್ದಾರೆ. ಗದಗ, ಲಕ್ಕುಂಡಿ ಕಡೆಯ ಬಾವಿಗಳನ್ನು ನೋಡಿದವರಿಗೆ ಇದರ ಆಳ ನೋಡಿ ಖುಷಿಯಾಗುತ್ತದೆ. ಮೆಟ್ಟಿಲಿಗೆ ಕಂಬಿ ಇಲ್ಲ, ಚಿಕ್ಕ ಮಕ್ಕಳ ಕೈ ಬಿಡಬೇಡಿ.

ಮೆಹರಾನ್‌ಗಢಕ್ಕೆ ಬೆಳಿಗ್ಗೆ ಬಾಗಿಲು ತೆರೆಯುವ ಒಂಬತ್ತಕ್ಕೇ ಹೋಗಿ. ರಾವ್ ಜೋಧಾ 1459ರಲ್ಲಿ ಕಟ್ಟಲು ಶುರುಮಾಡಿದ ಕೋಟೆ ಇದು. ಊರಿನಿಂದ ನೂರಿಪ್ಪತ್ತು ಮೀಟರಿಗೂ ಎತ್ತರದ ಬಂಡೆಯ ಮೇಲೆ, ಬಂಡೆಯೇ ಬೆಳೆದು ಗೋಡೆಯಾಯಿತೇನೋ ಅನ್ನುವ ಹಾಗೆ ನಿಂತಿದೆ. ಮಂಡಿನೋವು ಇರುವವರಿಗೆ ಒಂದು ವಿಷಯ: ಒಳಗೆ ಲಿಫ್ಟ್ ಇದೆ, ಅದಕ್ಕೆ ಬೇರೆ ಟಿಕೆಟ್. ಹಿರಿಯರು ಲಿಫ್ಟಿನಲ್ಲಿ ಮೇಲೆ ಹೋಗಿ ಇಳಿಜಾರಿನಲ್ಲಿ ನಿಧಾನವಾಗಿ ನಡೆದು ಬರಲಿ. ಅತ್ತೆ ಹಾಗೇ ಮಾಡಿದರು, ನಮಗಿಂತ ಮೊದಲೇ ಮೇಲೆ ಹೋಗಿ ನೆರಳಲ್ಲಿ ಕೂತಿದ್ದರು. ಹತ್ತಿಕೊಂಡು ಹೋಗುವವರು ದಾರಿಯಲ್ಲಿ ಎರಡು ಗುರುತು ನೋಡಿ. ಒಂದು ಬಾಗಿಲ ಬಳಿ ಗೋಡೆಯಲ್ಲಿ ಫಿರಂಗಿ ಗುಂಡು ಬಡಿದ ಕುಳಿಗಳಿವೆ. ಲೋಹಾಪೋಲ್ ಬಾಗಿಲಲ್ಲಿ ಸತಿ ಹೋದ ರಾಣಿಯರ ಪುಟ್ಟ ಕೈಗುರುತುಗಳಿವೆ, ಮೇಲೆ ಬೆಳ್ಳಿ ಹಾಳೆ ಹೊಳೆಯುತ್ತಿರುತ್ತದೆ. ಮಗಳು ತನ್ನ ಅಂಗೈಯನ್ನು ದೂರದಿಂದಲೇ ಅಳತೆ ನೋಡಿ, 'ಅಮ್ಮ, ಇದು ನನ್ನಷ್ಟೇ ಇದೆ' ಅಂದಳು. ಆಮೇಲೆ ಅವಳು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಲು ನನಗೆ ಆಗಲಿಲ್ಲ. ನೀವು ಮೊದಲೇ ಯೋಚಿಸಿಟ್ಟುಕೊಳ್ಳಿ.

ಕೋಟೆಯ ಅಂಚಿನಿಂದ ಕೆಳಗೆ ನೀಲಿ ಮನೆಗಳು ಕಾಣುತ್ತವೆ. ಇಡೀ ಊರು ನೀಲಿ ಅಂತ ಅಂದುಕೊಂಡು ಹೋಗಬೇಡಿ, ಬ್ರಹ್ಮಪುರಿ ಕಡೆಯಲ್ಲಿ ದಟ್ಟವಾಗಿದೆ, ಉಳಿದ ಕಡೆ ಅಲ್ಲೊಂದು ಇಲ್ಲೊಂದು. ಇಳಿಯುವಾಗ ಜಸ್ವಂತ್ ಥಡಾ ಹತ್ತಿರದಲ್ಲೇ ಇದೆ. 1899ರ ಅಮೃತಶಿಲೆಯ ಸ್ಮಾರಕ, ಅರ್ಧ ಗಂಟೆ ಸಾಕು.

ಉಮೈದ್ ಭವನ ಅರಮನೆ ಬೇಕೇ? 1929ರಲ್ಲಿ ಶುರುವಾಗಿ 1943ರಲ್ಲಿ ಮುಗಿದದ್ದು. ಬರಗಾಲದಲ್ಲಿ ಜನಕ್ಕೆ ಕೂಲಿ ಸಿಗಲಿ ಅಂತ ಕಟ್ಟಿಸಿದರು ಅನ್ನುತ್ತಾರೆ. 347 ಕೋಣೆಗಳಿವೆ. ಆದರೆ ಒಂದು ಭಾಗ ಹೋಟೆಲ್, ಒಂದು ಭಾಗ ರಾಜಮನೆತನದ ವಾಸ. ನಮಗೆ ಸಿಗುವುದು ಸಣ್ಣ ವಸ್ತುಸಂಗ್ರಹಾಲಯ ಅಷ್ಟೇ. ಮೈಸೂರು ಅರಮನೆ ನೋಡಿ ಬೆಳೆದವರು ಇದನ್ನು ಬಿಟ್ಟರೂ ನಷ್ಟವಿಲ್ಲ. ಆ ಹೊತ್ತಿಗೆ ಒಂದು ಮಿರ್ಚಿ ವಡಾ ತಿನ್ನಿ. ನಮ್ಮ ಮೆಣಸಿನಕಾಯಿ ಬಜ್ಜಿಯ ಅಣ್ಣ ಅದು: ದಪ್ಪ ಮೆಣಸಿನಕಾಯಿಯೊಳಗೆ ಆಲೂಗಡ್ಡೆ ಪಲ್ಯ ತುಂಬಿ ಕರಿದದ್ದು. ದಾವಣಗೆರೆಯವಳಾಗಿ ಹೇಳುತ್ತೇನೆ, ಮಂಡಕ್ಕಿ ಇಲ್ಲ ಅನ್ನುವುದೊಂದೇ ಕೊರತೆ.

ನಡುವಿನ ರಸ್ತೆ

ಜೋಧಪುರದಿಂದ ಜೈಸಲ್ಮೇರ್‌ಗೆ ಸುಮಾರು 280 ಕಿಲೋಮೀಟರ್. ರಸ್ತೆ ನೇರ, ಚೆನ್ನಾಗಿದೆ, ಐದು ಗಂಟೆ. ರೈಲೂ ಐದಾರು ಗಂಟೆಯೇ ತೆಗೆದುಕೊಳ್ಳುತ್ತದೆ. ನಾಲ್ಕು ಜನಕ್ಕಿಂತ ಜಾಸ್ತಿ ಇದ್ದರೆ ಒಂದೇ ಕಾರನ್ನು ನಾಲ್ಕು ದಿನಕ್ಕೂ ಮಾತಾಡಿಕೊಳ್ಳುವುದು ಸುಲಭ. ಕಾರಿನ ದರ ಕೇಳುವಾಗ ಟೋಲ್, ಪಾರ್ಕಿಂಗ್, ಡ್ರೈವರ್ ಬಾಟಾ ಸೇರಿದೆಯಾ ಅಂತ ಬಾಯಿಬಿಟ್ಟು ಕೇಳಿ, ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಕಿಟಕಿಯಾಚೆ ಒಂದೇ ಥರದ ಮರ ಕಾಣುತ್ತಾ ಹೋಗುತ್ತದೆ. ಅಲ್ಲಿ ಅದನ್ನು ಖೇಜ್ರಿ ಅನ್ನುತ್ತಾರೆ. ನಾವು ದಸರೆಯಲ್ಲಿ ಪೂಜೆ ಮಾಡಿ ಎಲೆ ಹಂಚುವ ಬನ್ನಿ ಮರವೇ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿ ಅನ್ನುವ ಊರಿನಲ್ಲಿ ಅರಮನೆಯ ಕೆಲಸಕ್ಕೆ ಈ ಮರ ಕಡಿಯಲು ಬಂದಾಗ ಅಮೃತಾದೇವಿ ಎಂಬ ಬಿಷ್ಣೋಯಿ ಸಮುದಾಯದ ಹೆಣ್ಣುಮಗಳು ಮರ ತಬ್ಬಿ ನಿಂತಳು. ಅವಳೂ ಸೇರಿ 363 ಜನ ಪ್ರಾಣ ಕೊಟ್ಟರು. ಅತ್ತೆಗೆ ಈ ಕತೆ ಹೇಳಿದ ಮೇಲೆ ಪ್ರತಿ ಬನ್ನಿ ಮರಕ್ಕೂ ಕಾರಿನಿಂದಲೇ ಕೈ ಮುಗಿದರು.

ಪೋಖರಣ್ ದಾರಿಯಲ್ಲೇ ಸಿಗುತ್ತದೆ. 1974 ಮತ್ತು 1998ರ ಅಣುಪರೀಕ್ಷೆ ನಡೆದ ಜಾಗ ನೋಡಲು ಬಿಡುವುದಿಲ್ಲ. ಚಹಾ ಕುಡಿದು ಮುಂದೆ ಹೋಗಿ.

ಜೈಸಲ್ಮೇರ್ ಕೋಟೆ ಬೆಳಿಗ್ಗೆಯೇ ಯಾಕೆ

ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಿದ ಕೋಟೆ. ಹಳದಿ ಮರಳುಗಲ್ಲು, 99 ಬುರುಜು. ಇದರೊಳಗೆ ಇಂದಿಗೂ ಸಾವಿರಾರು ಜನ ಸಂಸಾರ ಮಾಡಿಕೊಂಡಿದ್ದಾರೆ. ಹಸು ಅಡ್ಡ ಮಲಗಿರುತ್ತದೆ, ಬಾಗಿಲಲ್ಲಿ ಬಟ್ಟೆ ಒಣಗುತ್ತಿರುತ್ತದೆ, ಗೋಡೆಯ ಮೇಲೆ ಮದುವೆಯ ಆಮಂತ್ರಣವನ್ನೇ ಗಣೇಶನ ಚಿತ್ರದ ಜೊತೆ ಬರೆದಿರುತ್ತಾರೆ. ಒಳಗೆ ಅಲೆಯಲು ಟಿಕೆಟ್ ಇಲ್ಲ, ಅರಮನೆ ಮತ್ತು ಜೈನ ಮಂದಿರಕ್ಕೆ ಮಾತ್ರ.

ಆ ಜೈನ ಮಂದಿರಗಳಿಗಾಗಿಯೇ ಬೆಳಿಗ್ಗೆ ಹೋಗಬೇಕು. ಪ್ರವಾಸಿಗರನ್ನು ಒಳಗೆ ಬಿಡುವುದು ಮಧ್ಯಾಹ್ನದೊಳಗೆ ಮುಗಿದುಹೋಗುತ್ತದೆ. ಚರ್ಮದ ಬೆಲ್ಟ್, ಪರ್ಸ್ ಹೊರಗೇ ಬಿಡಬೇಕು. ಶ್ರವಣಬೆಳಗೊಳ, ಮೂಡುಬಿದಿರೆ ನೋಡಿದ ಕಣ್ಣಿಗೆ ಇಲ್ಲಿ ಒಂದು ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ. ನಮ್ಮ ಕಡೆ ತೀರ್ಥಂಕರರು ಅರೆಗಣ್ಣು ಮುಚ್ಚಿ ಧ್ಯಾನದಲ್ಲಿರುತ್ತಾರೆ. ಇಲ್ಲಿ ಶ್ವೇತಾಂಬರ ಪದ್ಧತಿ, ಮೂರ್ತಿಗಳಿಗೆ ಕಣ್ಣು ಕೂರಿಸಿರುತ್ತಾರೆ. ಅರೆಗತ್ತಲಲ್ಲಿ ಸಾಲು ಸಾಲು ಕಣ್ಣುಗಳು ನಮ್ಮನ್ನೇ ನೋಡುತ್ತವೆ.

ಉಳಿಯಲು ಕೋಟೆಯ ಹೊರಗೆ ರೂಮು ಮಾಡಿ. ಒಳಗೂ ಹೋಟೆಲುಗಳಿವೆ, ಕಿಟಕಿಯ ನೋಟವೂ ಸುಂದರ. ಆದರೆ ಎಂಟು ನೂರು ವರ್ಷ ಹಿಂದೆ ಕೊಡಪಾನದಲ್ಲಿ ನೀರು ಹೊತ್ತು ತರುತ್ತಿದ್ದ ಗುಡ್ಡ ಅದು. ಈಗ ನಲ್ಲಿ, ಶವರ್, ಫ್ಲಶ್ಶಿನ ನೀರು ಬುಡಕ್ಕೆ ಇಳಿದು ಗೋಡೆಗಳು ಸಡಿಲಾಗಿವೆ. ಹೊರಗಿನ ಹೋಟೆಲಿನ ತಾರಸಿಯಿಂದ ಕೋಟೆ ಪೂರ್ತಿ ಕಾಣುತ್ತದೆ. ಒಳಗೆ ಇದ್ದರೆ ಕೋಟೆಯೇ ಕಾಣಲ್ಲ, ಅಲ್ವಾ?

ಟೆಂಟು ಆರಿಸುವುದು

ಇಲ್ಲಿ ಸ್ವಲ್ಪ ನಿಧಾನಿಸಿ. ಹೆಚ್ಚು ದುಡ್ಡು ಹೋಗುವುದೂ, ಹೆಚ್ಚು ಮೋಸ ಹೋಗುವುದೂ ಇಲ್ಲೇ.

ಮರಳದಿಬ್ಬಕ್ಕೆ ಎರಡು ಹೆಸರುವಾಸಿ ಜಾಗ. ಸಮ್, ಊರಿನಿಂದ ಪಶ್ಚಿಮಕ್ಕೆ 40 ಕಿಲೋಮೀಟರ್ ಚಿಲ್ಲರೆ. ಖುಡಿ, ನೈಋತ್ಯಕ್ಕೆ ಹೆಚ್ಚುಕಮ್ಮಿ ಅಷ್ಟೇ ದೂರ. ಸಮ್‌ನಲ್ಲಿ ದಿಬ್ಬ ದೊಡ್ಡದು, ಜನವೂ ಜಾತ್ರೆ. ಜೀಪು, ಒಂಟೆ, ಚಹಾದವರು, ಪ್ಯಾರಾಸೈಲಿಂಗ್, ಎಲ್ಲ. ಖುಡಿ ಒಂದು ಹಳ್ಳಿ, ಶಾಂತ, ಮಣ್ಣಿನ ಗೋಡೆಯ ಗುಡಿಸಲುಗಳು. ಮಕ್ಕಳಿಗೆ ಗದ್ದಲ ಬೇಕು, ಫೋಟೊ ಬೇಕು ಅಂದರೆ ಸಮ್. ರಾತ್ರಿ ಮೌನ ಬೇಕು ಅಂದರೆ ಖುಡಿ. ನನಗೆ ಕೇಳಿದರೆ ಖುಡಿ, ಮಗನಿಗೆ ಕೇಳಿದರೆ ಸಮ್.

ಮೊದಲ ಸಲ ನಾವು ಇಂಟರ್ನೆಟ್ಟಿನ ಫೋಟೊ ನೋಡಿ ಒಂದು ಕ್ಯಾಂಪ್ ಬುಕ್ ಮಾಡಿದ್ದೆವು. ಫೋಟೊದಲ್ಲಿ ಟೆಂಟಿನ ಬಾಗಿಲಿಗೇ ಮರಳು. ಹೋಗಿ ನೋಡಿದರೆ ಮುಖ್ಯರಸ್ತೆಯ ಪಕ್ಕ, ಸುತ್ತ ಕುರುಚಲು ಗಿಡ. ದಿಬ್ಬ ಎಲ್ಲಿ ಅಂದರೆ 'ಜೀಪಿನಲ್ಲಿ ಹೋಗಬೇಕು, ಅದಕ್ಕೆ ಬೇರೆ ಚಾರ್ಜು' ಅಂದರು. ರಾತ್ರಿ ಹನ್ನೆರಡರವರೆಗೆ ಡಿಜೆ. ಅಷ್ಟು ದೂರ ಹೋಗಿ ನಮ್ಮೂರ ಗಣಪತಿ ಮೆರವಣಿಗೆಯಲ್ಲಿ ಕೂತ ಹಾಗಾಯಿತು.

ಅದಕ್ಕೇ ಬುಕ್ ಮಾಡುವ ಮುಂಚೆ ಫೋನ್ ಹಚ್ಚಿ ಕೇಳಿ. ಟೆಂಟಿನಿಂದ ದಿಬ್ಬಕ್ಕೆ ನಡೆದು ಹೋಗಲು ಎಷ್ಟು ನಿಮಿಷ? ಕಿಲೋಮೀಟರ್ ಕೇಳಬೇಡಿ, ನಿಮಿಷ ಕೇಳಿ. ಒಂಟೆ ಸವಾರಿ ಪ್ಯಾಕೇಜಿನಲ್ಲಿ ಇದೆಯಾ, ಇದ್ದರೆ ಎಷ್ಟು ಹೊತ್ತು, ಒಂದು ಒಂಟೆಗೆ ಎಷ್ಟು ಜನ? ಸಂಗೀತ ಎಷ್ಟು ಗಂಟೆಗೆ ನಿಲ್ಲುತ್ತದೆ? ಬಿಸಿನೀರು ಯಾವ ಹೊತ್ತಿಗೆ? ಕಂಬಳಿ ಎಷ್ಟು ಕೊಡುತ್ತೀರಿ? ಡ್ರೈವರಿಗೆ ಮಲಗಲು ಜಾಗ, ಊಟ ಇದೆಯಾ? ಈ ಕೊನೆಯ ಪ್ರಶ್ನೆ ಯಾರೂ ಕೇಳುವುದಿಲ್ಲ, ಆಮೇಲೆ ಪಾಪ ಆ ಮನುಷ್ಯ ಚಳಿಯಲ್ಲಿ ಕಾರಿನಲ್ಲೇ ಮಲಗುತ್ತಾನೆ. ಮರುದಿನ ನಮ್ಮ ಮಕ್ಕಳನ್ನು ಕೂರಿಸಿಕೊಂಡು ಗಾಡಿ ಓಡಿಸುವವನು ಅವನೇ. ಪೂರ್ತಿ ದುಡ್ಡು ಮೊದಲೇ ಕೊಡಬೇಡಿ, ಸ್ವಲ್ಪ ಮುಂಗಡ ಕೊಟ್ಟು ಉಳಿದದ್ದು ಹೋದ ಮೇಲೆ.

ಆ ಸಂಜೆ

ಜೈಸಲ್ಮೇರ್‌ನಿಂದ ಎರಡೂವರೆಗೆ ಹೊರಡಿ ಅಂದೆನಲ್ಲ, ನಡುವೆ ಕುಲಧರಾ ಇದೆ. ಪಾಲಿವಾಲ್ ಬ್ರಾಹ್ಮಣರ ಊರು, ಸುಮಾರು ಇನ್ನೂರು ವರ್ಷದ ಹಿಂದೆ ಎಲ್ಲರೂ ಬಿಟ್ಟು ಹೋದದ್ದು. ಜೈಸಲ್ಮೇರ್‌ನ ದಿವಾನ ಸಾಲಿಂ ಸಿಂಗ್‌ನ ಕಾಟ ತಡೆಯದೆ ಒಂದೇ ರಾತ್ರಿಯಲ್ಲಿ ಹೊರಟರು, ಶಾಪ ಹಾಕಿದರು ಅಂತ ಗೈಡುಗಳು ಮೈ ನವಿರೇಳುವ ಹಾಗೆ ಹೇಳುತ್ತಾರೆ. ಬಾವಿಗಳು ಬತ್ತಿದ್ದೂ ಕಾರಣ ಇರಬೇಕು. ಮಕ್ಕಳಿಗೆ ದೆವ್ವದ ಕತೆ ಬೇಕು, ಹೇಳಿ. ಮುಕ್ಕಾಲು ಗಂಟೆ ಸಾಕು. ಸಮ್ ದಾರಿಯಲ್ಲೇ ಬರುತ್ತದೆ, ಖುಡಿಗೆ ಹೋಗುವವರು ಕೊಂಚ ಸುತ್ತಬೇಕು.

ನಾಲ್ಕಕ್ಕೆ ಟೆಂಟಿನಲ್ಲಿ ಬ್ಯಾಗ್ ಇಟ್ಟು, ನಾಲ್ಕೂವರೆಗೆ ಒಂಟೆ. ಹತ್ತುವ ಮುಂಚೆ ಒಂಟೆಯನ್ನೊಮ್ಮೆ ನೋಡಿ. ಮೂಗಿನ ಹತ್ತಿರ, ತಡಿಯ ಕೆಳಗೆ ಹುಣ್ಣು ಇದ್ದರೆ ಬೇರೆ ಒಂಟೆ ಕೇಳಿ. ದರವನ್ನು ಹತ್ತುವ ಮುಂಚೆಯೇ ಮಾತಾಡಿ: ಹೋಗಿ ಬರುವುದಕ್ಕಾ, ಬರೀ ಹೋಗುವುದಕ್ಕಾ? ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ. ನಾವು ಮುಂದಕ್ಕೆ ಮುಗ್ಗರಿಸುತ್ತೇವೆ. ಆಮೇಲೆ ಮುಂಗಾಲು ಎತ್ತಿದಾಗ ಹಿಂದಕ್ಕೆ. ಕೂರುವಾಗ ಮೊದಲು ಮುಂಗಾಲು ಮಡಿಸುತ್ತದೆ, ಮತ್ತೆ ಮುಂದಕ್ಕೆ. ಅದು ಅಲುಗಿದ ಕೂಡಲೇ ಎರಡು ಕೈಯಲ್ಲೂ ಹಿಡಿ ಹಿಡಿದು ಹಿಂದಕ್ಕೆ ವಾಲಬೇಕು.

'ಅತ್ತೆ, ಹಿಂದಕ್ಕೆ ವಾಲಿ' ಅಂತ ಕೂಗಿದೆ.

'ವಾಲೋದೇನು, ಬಿದ್ದೇ ಬಿಡ್ತೀನಿ ಕಣಮ್ಮ, ಇಳಿಸ್ರೋ' ಅಂತ ಅವರು.

ಇಳಿಯಲಿಲ್ಲ. ವಾಪಸು ಬರುವಾಗಲೂ ಅವರಿಗೇ ಒಂಟೆ ಬೇಕಾಯಿತು. ಆದರೆ ಸೊಂಟನೋವು, ಮೂಳೆ ಸವೆತ ಇರುವವರನ್ನು ಜೀಪ್ ಸಫಾರಿಗೆ ಮಾತ್ರ ಕೂರಿಸಬೇಡಿ. ದಿಬ್ಬದ ಮೇಲಿನಿಂದ ಜೀಪು ಧುಮುಕುವಾಗ ಬೆನ್ನುಮೂಳೆಗೆ ಬೀಳುವ ಪೆಟ್ಟು ಸಾಮಾನ್ಯದ್ದಲ್ಲ. ತೆರೆದ ಜೀಪಿನಲ್ಲಿ ಮಕ್ಕಳನ್ನು ನಿಲ್ಲಿಸಿ ಓಡಿಸುತ್ತಾರೆ, ಗಟ್ಟಿಯಾಗಿ ಬೇಡ ಅನ್ನಿ.

ಜನ ಇರುವ ಕಡೆಯಿಂದ ಹತ್ತು ನಿಮಿಷ ಆಚೆ ನಡೆದರೆ ಸಾಕು, ಹೆಜ್ಜೆ ಬೀಳದ ಮರಳು ಸಿಗುತ್ತದೆ. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯಿರಿ. ಮೇಲೆ ಇನ್ನೂ ಬೆಚ್ಚಗಿರುತ್ತದೆ, ಕಾಲು ಹೂತರೆ ಒಳಗೆ ತಣ್ಣಗೆ. ಅಲೆಯಲೆಯಾದ ಗೆರೆಗಳ ಮೇಲೆ ಹೊಲಿಗೆ ಹಾಕಿದ ಹಾಗೆ ಸಣ್ಣ ಚುಕ್ಕಿಗಳ ಎರಡು ಸಾಲು ಹೋಗಿತ್ತು. ಮಗ ಅದರ ಬೆನ್ನು ಹತ್ತಿ ಹೋಗಿ, ಕೊನೆಯಲ್ಲಿ ಒಂದು ಕಪ್ಪು ಜೀರುಂಡೆಯನ್ನು ಕಂಡುಹಿಡಿದ. ಸೂರ್ಯ ಮುಳುಗಿದ್ದನ್ನು ಅವನು ನೋಡಲೇ ಇಲ್ಲ. ದಿಬ್ಬದ ಕೆಳಗೆ ನಮ್ಮ ಎಕ್ಕದ ಗಿಡವೂ ಇದೆ, ಅದೇ ಬೂದಿ ಬಣ್ಣದ ದಪ್ಪ ಎಲೆ. ಹುಲ್ಲಿರುವ ಕಡೆ ಮಾತ್ರ ಬರಿಗಾಲಲ್ಲಿ ಹೋಗಬೇಡಿ. ಭುರಟ್ ಅನ್ನುವ ಅಂಟುಮುಳ್ಳು ಸಾಕ್ಸಿಗೆ, ಪ್ಯಾಂಟಿಗೆ ಹತ್ತಿಕೊಂಡರೆ ಒಂದೊಂದಾಗಿ ಕೀಳಬೇಕು, ಕೀಳುವ ಬೆರಳಿಗೂ ಚುಚ್ಚುತ್ತದೆ.

ಸೂರ್ಯ ಮುಳುಗಿದ ಕೂಡಲೇ ಎದ್ದು ಬರಬೇಡಿ. ಎಲ್ಲ ಜೀಪುಗಳೂ ಆಗಲೇ ಹೊರಡುತ್ತವೆ. ಇನ್ನು ಅರ್ಧ ಗಂಟೆ ಕೂತರೆ ದಿಬ್ಬ ನಿಮ್ಮದೇ. ಸ್ವೆಟರ್ ಜೊತೆಗೇ ಇರಲಿ, ಸೂರ್ಯ ಹೋದ ಹತ್ತೇ ನಿಮಿಷದಲ್ಲಿ ಚಳಿ ಶುರು.

ರಾತ್ರಿ ಕ್ಯಾಂಪಿನಲ್ಲಿ ಹಾಡು, ಕುಣಿತ ಇರುತ್ತದೆ. ಹಾವಾಡಿಗ ಸಮುದಾಯದ ಕಾಲ್ಬೇಲಿಯಾ ಕುಣಿತ ಯುನೆಸ್ಕೊ ಪಟ್ಟಿಗೆ 2010ರಲ್ಲಿ ಸೇರಿದ್ದು. ಹಾಡುವವರು ಹೆಚ್ಚಾಗಿ ಮಾಂಗಣಿಯಾರರು. ಮುಸ್ಲಿಮರು, ಆದರೆ ತಲೆತಲಾಂತರದಿಂದ ಹಿಂದೂ ಯಜಮಾನರ ಮನೆಯ ಮದುವೆ, ಮಗು ಹುಟ್ಟಿದ ಸಂಭ್ರಮಕ್ಕೆ ಹಾಡುತ್ತಾ ಬಂದವರು. ಜನ ಕೇಳುತ್ತಾರೆ ಅಂತ ಅವರೂ ಸಿನಿಮಾ ಹಾಡು ಶುರು ಹಚ್ಚುತ್ತಾರೆ. ಹತ್ತಿರ ಹೋಗಿ 'ಕಮಾಯಚಾ ಇದೆಯಾ?' ಅಂತ ಕೇಳಿ ನೋಡಿ. ಕಮಾನಿನಿಂದ ನುಡಿಸುವ, ದುಂಡು ಹೊಟ್ಟೆಯ ಹಳೇ ವಾದ್ಯ ಅದು. ನಾವು ಕೇಳಿದಾಗ ಮುದುಕರೊಬ್ಬರು ಮೈಕ್ ಬದಿಗೆ ಸರಿಸಿ, ಬಟ್ಟೆ ಬಿಚ್ಚಿ ವಾದ್ಯ ತೆಗೆದರು. ಆಮೇಲಿನ ಇಪ್ಪತ್ತು ನಿಮಿಷಕ್ಕೆ ಬಂದ ದುಡ್ಡೆಲ್ಲ ವಸೂಲಾಯಿತು. ಹಾಡಿದವರ ಕೈಗೇ ಏನಾದರೂ ಕೊಡಿ.

ಊಟಕ್ಕೆ ದಾಲ್, ಬಾಟಿ (ಸುಟ್ಟ ಗೋಧಿ ಉಂಡೆ), ಚುರ್ಮಾ (ಗೋಧಿ ಪುಡಿಯ ಸಿಹಿ). ಕೇರ್ ಸಾಂಗ್ರಿ ಪಲ್ಯ ಇದ್ದರೆ ಬಿಡಬೇಡಿ. ಸಾಂಗ್ರಿ ಅಂದರೆ ಅದೇ ಬನ್ನಿ ಮರದ ಕಾಯಿ. ಅನ್ನ ಸಿಗುತ್ತದೆ, ಆದರೆ ಅದು ಅವರ ಅಡುಗೆಯಲ್ಲ, ಅಷ್ಟು ನಿರೀಕ್ಷೆ ಬೇಡ.

ಬೆಳಿಗ್ಗೆ ಏಳಕ್ಕೆ ಎದ್ದು, ಕಂಬಳಿ ಹೊದ್ದುಕೊಂಡೇ ದಿಬ್ಬ ಹತ್ತಿ. ಸಂಜೆಯ ಹೆಜ್ಜೆಗಳನ್ನೆಲ್ಲ ಗಾಳಿ ಅಳಿಸಿರುತ್ತದೆ.

ವಾಪಸು ಜೈಸಲ್ಮೇರ್‌ಗೆ

ಸ್ನಾನ ಆದ ಮೇಲೆ ಪಟವಾ ಹವೇಲಿಗೆ ಹೋಗಿ. ಐದು ಹವೇಲಿಗಳ ಸಾಲು, 19ನೇ ಶತಮಾನದ ವ್ಯಾಪಾರಿ ಮನೆತನದ್ದು. ಕಲ್ಲಿನಲ್ಲಿ ಕಸೂತಿ ಅಂದರೆ ಇದೇ. ಒಂದನ್ನು ಒಳಗೆ ಹೋಗಿ ನೋಡಿ, ಉಳಿದವನ್ನು ಬೀದಿಯಲ್ಲಿ ನಿಂತು ಕತ್ತೆತ್ತಿ ನೋಡಿದರೆ ಸಾಕು. ಸಂಜೆಗೆ ಗಡೀಸರ್ ಕೆರೆ. ಊರಿಗೆ ಒಂದು ಕಾಲಕ್ಕೆ ಕುಡಿಯುವ ನೀರು ಕೊಟ್ಟದ್ದು ಇದೇ ಮಳೆನೀರಿನ ಕೆರೆ. ಅದರ ಬಾಗಿಲನ್ನು ಟೀಲೋಂ ಎಂಬ ವೇಶ್ಯೆ ಕಟ್ಟಿಸಿದಳಂತೆ. ಅವಳು ಕಟ್ಟಿಸಿದ ಬಾಗಿಲಿನಡಿ ರಾಜ ಹೇಗೆ ಹೋಗುವುದು ಅಂತ ತಕರಾರು ಎದ್ದಾಗ, ಯಾರೂ ಕೆಡವದ ಹಾಗೆ ಮೇಲೆ ಒಂದು ಕೃಷ್ಣನ ಗುಡಿ ಕಟ್ಟಿಸಿಬಿಟ್ಟಳಂತೆ. ನಮ್ಮ ಚನ್ನಗಿರಿಯ ಸೂಳೆಕೆರೆಯ ಹೆಸರಿನ ಹಿಂದೆಯೂ ಅಂಥ ಹೆಣ್ಣುಮಕ್ಕಳದ್ದೇ ಕತೆ ಇದೆಯಲ್ಲ, ಅತ್ತೆ ಅದನ್ನು ಮೊಮ್ಮಕ್ಕಳಿಗೆ ಅಲ್ಲೇ ದಡದ ಮೇಲೆ ಕೂತು ಹೇಳಿದರು.

ತನೋಟ್ ಮಾತಾ ಗುಡಿ, 1971ರ ಯುದ್ಧ ನಡೆದ ಲೋಂಗೇವಾಲಾ ಎರಡೂ ಗಡಿಯ ಹತ್ತಿರ, ಹೋಗಿ ಬರಲು ಪೂರ್ತಿ ದಿನ ಬೇಕು. ಈ ಐದು ದಿನದಲ್ಲಿ ತುರುಕಬೇಡಿ.

ಬ್ಯಾಗಿನೊಳಗೆ

ಜನವರಿಯಲ್ಲಿ ರಾತ್ರಿ ಚಳಿ ಏಳೆಂಟು ಡಿಗ್ರಿಗೆ ಇಳಿಯುತ್ತದೆ, ಹಗಲು ತೆಳು ಬಟ್ಟೆ ಸಾಕು. ಒಂದು ದಪ್ಪ ಜಾಕೆಟ್ಟಿಗಿಂತ ಎರಡು ಮೂರು ಪದರ ಒಳ್ಳೆಯದು. ಮಂಕಿ ಕ್ಯಾಪು, ಸಾಕ್ಸು ಹಿರಿಯರಿಗೂ ಮಕ್ಕಳಿಗೂ. ಒಣ ಗಾಳಿ, ತುಟಿ ಒಡೆಯುತ್ತದೆ, ಮಕ್ಕಳಿಗೆ ಮೂಗಿನಿಂದ ರಕ್ತವೂ ಬರಬಹುದು. ವ್ಯಾಸಲಿನ್ ಇರಲಿ. ಕೊಬ್ಬರಿ ಎಣ್ಣೆ ಒಯ್ಯುವವರು ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ಅತ್ತೆ ಸಣ್ಣ ಬಾಯಿಯ ಬಾಟಲಿ ತಂದಿದ್ದರು, ಟೆಂಟಿನಲ್ಲಿ ಅದು ಕಲ್ಲಾಗಿ ಕೂತಿತು. ಫೋನಿಗೆ, ಕ್ಯಾಮೆರಾಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ. ಎಲ್ಲರ ಆಧಾರ್ ಕಾರ್ಡಿನ ಅಸಲು. ಚಟ್ನಿಪುಡಿ, ಅವಲಕ್ಕಿ ಇದ್ದರೆ ಮೂರನೇ ದಿನ ಯಾರೂ ಮುಖ ಗಂಟು ಹಾಕಲ್ಲ.

ಐದನೇ ದಿನ ವಿಮಾನ ಸಂಜೆಯದ್ದೇ ಇರಲಿ. ಬೆಳಿಗ್ಗೆ ಏಳಕ್ಕೆ ಜೈಸಲ್ಮೇರ್ ಬಿಟ್ಟರೆ ಹನ್ನೆರಡೂವರೆಗೆ ಜೋಧಪುರ. ಊಟ ಮಾಡಿ, ಮಾವಾ ಕಚೋರಿ ಕಟ್ಟಿಸಿಕೊಳ್ಳಿ. ಖೋವಾ, ಗೋಡಂಬಿ ತುಂಬಿ ಕರಿದು ಸಕ್ಕರೆ ಪಾಕದಲ್ಲಿ ಅದ್ದಿಕೊಡುವ ಸಿಹಿ. ಪಾಕ ಹಾಕದೆ ಒಣದೇ ಕೊಡಿ ಅಂತ ಕೇಳಿ. ಪಾಕ ಊರಿಗೆ ಬಂದು ಮಾಡಿಕೊಳ್ಳಬಹುದು. ನಾವು ಕೇಳಲಿಲ್ಲ, ಬ್ಯಾಗಿನಲ್ಲಿದ್ದ ಅತ್ತೆಯ ಶಾಲು ಇನ್ನೂ ಒಂದು ಮೂಲೆಯಲ್ಲಿ ಅಂಟಂಟು.